‘ಕಲಿತ ಭಯ’, ‘ಆತಂಕ’, ‘ಅಯಾನು ತೂಬು’: ಬಳಕೆಯ ಬಗ್ಗೆ ಪ್ರಶ್ನೆ

ಮಾನ್ಯರೇ,

ಮೆದುಳಿನ ಅಯಾನು ಚಾನೆಲ್‌ಗಳ (ವಿದ್ಯುದಂಶವುಳ್ಳ ಕಣಗಳಾದ ಅಯಾನುಗಳನ್ನು ಜೀವಕೋಶದ ಒಳಹೊರಗೆ ಬಿಡುವ ದ್ವಾರಗಳ) ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿರುವ ಲೇಖನದಲ್ಲಿ ಮೂರು ಪದಗಳು ತೊಡಕಾಗಿವೆ. ಆಮ್ಲೀಯತೆ ಹೆಚ್ಚಿದಾಗ ತೆರೆದುಕೊಂಡು ಸೋಡಿಯಂ ಅಯಾನುಗಳನ್ನು ನರಕೋಶದೊಳಕ್ಕೆ ಬಿಡುವ ‘ಎಎಸ್‌ಐಸಿ1’ ಎಂಬ ಚಾನೆಲ್, ಭಯಕ್ಕೆ ಸಂಬಂಧಿಸಿದ ಮೆದುಳಿನ ಭಾಗವಾದ ಅಮಿಗ್ಡಲಾದಲ್ಲಿ ಹೇರಳವಾಗಿದೆಯೆಂದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಜಾನ್ ವೆಮ್ಮಿ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಒಂದು ಧ್ವನಿಯೊಡನೆ ಶಾಕ್ ಕೊಟ್ಟರೆ, ಸಾಮಾನ್ಯ ಸುಂಡಿಲಿ ಆಮೇಲೆ ಬರಿಯ ಧ್ವನಿ ಕೇಳಿದರೂ ಉಸಿರಾಟದ ಹೊರತು ಬೇರಾವ ಚಲನೆಯೂ ಇಲ್ಲದೆ ಮರಗಟ್ಟಿ ನಿಲ್ಲುತ್ತದೆ. ಈ ಚಾನೆಲ್‌ನ ಜೀನ್ ತೆಗೆದ ಸುಂಡಿಲಿಯಲ್ಲಿ ಹೀಗೆ ಮರಗಟ್ಟುವುದು ಗಣನೀಯವಾಗಿ ಕಡಿಮೆ.

ಈ ಭಯವನ್ನು ‘ಕಲಿತ ಭಯ’ ಎನ್ನುವುದು ‘ಕಲಿತ ಪಾಠ’ದಂತೆ ವ್ಯಾಕರಣಕ್ಕೆ ಸರಿಯೇ. ಆದರೆ ಕಲಿಯುವುದು ಎಂದೊಡನೆ ಇಚ್ಛೆ, ಶ್ರಮಗಳ ಧ್ವನಿ ಬರುತ್ತದೆ. ಇಲಿಯೇನೂ ಬಯಸಿ ಕಲಿತದ್ದಲ್ಲ. ‘ಕಲಿಕೆಯ ಭಯ’ ಎಂದರಂತೂ ಲೆಕ್ಕದ ಮೇಷ್ಟರಿಗೆ ಹೆದರುವ ಮಗುವೇ ಕಣ್ಣಮುಂದೆ ಬರುತ್ತದೆ. ‘ನಾಟಿದ ಭಯ’ ಎಂಬುದರತ್ತ ನನ್ನ ಒಲವಿದೆ.

ಎರಡನೆಯದಾದ ‘ಆತಂಕ’ ಹೆಚ್ಚು ಜಟಿಲ. ಹೆದರು, ಅಂಜು ಎಂಬ ಕ್ರಿಯಾಪದಗಳು ಎದುರಿಗೊಂದು ವಸ್ತುವನ್ನು ಬೇಡುತ್ತವೆ: ಹಾವಿಗೆ ಹೆದರಿದ, ಅಪ್ಪನಿಗೆ ಅಂಜಿದ. ‘ಹಾವಿಗೆ ಆತಂಕಪಟ್ಟ’ ಎಂದು ಯಾರೂ ಹೇಳುವುದಿಲ್ಲ. ಹೀಗೆ ಭಯ (ಎದುರಿಗಿರುವ ವಸ್ತುವಿಗೆ) ಮತ್ತು ಆತಂಕದ (ಎದುರಿಗೆ ಏನೂ ಇಲ್ಲದಾಗ) ನಡುವೆ ಮನಶ್ಶಾಸ್ತ್ರ ಎಳೆಯುವ ಗೆರೆಯನ್ನು ನಮ್ಮ ವಿಭಕ್ತಿಪ್ರತ್ಯಯ ಆಗಲೇ ಎಳೆದಿದೆ. ಆದರೆ 2009ರಲ್ಲಿ ಅದೇ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಆಮ್ಲೀಯತೆಯನ್ನು ಹೆಚ್ಚಿಸುವ ಇಂಗಾಲದ ಡೈಆಕ್ಸೈಡ್ ಉಸಿರಾಡಿದ ಸುಂಡಿಲಿಗಳು ಎದುರಿಗೆ ಏನೂ ಇಲ್ಲದೆಯೇ, ಅದೇ ಚಾನೆಲ್‌ನ ಮೂಲಕ, ಮರಗಟ್ಟಿದವು. 2013ರಲ್ಲಿ, ಎರಡೂ ಬದಿಯ ಅಮಿಗ್ಡಲಾ ಹಾನಿಗೊಂಡಿದ್ದ ಮೂವರು ಕೂಡ, ಶೇ. 35ರಷ್ಟು ಆ ಅನಿಲವಿದ್ದ ಮಿಶ್ರಣವನ್ನು ಉಸಿರಾಡಿದಾಗ ತೀವ್ರವಾಗಿ ತತ್ತರಿಸಿದರು. ಒಡಲೊಳಗಿನಿಂದಲೇ ಏಳುವ ಇಂಥದ್ದಕ್ಕೆ ‘ಆತಂಕ’ ತೀರ ಸೌಮ್ಯ. ‘ಗಾಬರಿ’ಗಿಂತ ‘ದಿಗಿಲು’ ಹೊಂದುತ್ತದೆಯೇ?

ಚಾನೆಲ್‌ಗೆ ‘ವಾಹಿನಿ’ ಎಂದರೆ ಟಿವಿಯ ನೆನಪು. ‘ಕಾಲುವೆ’ ಸದಾ ತೆರೆದೇ ಇರುತ್ತದೆ. ಬೇಕಾದಾಗ ಎತ್ತಿ, ಸಾಕಾದಾಗ ಮುಚ್ಚುವ ಕೆರೆಯ ‘ತೂಬು’ ಇದಕ್ಕೆ ಹತ್ತಿರವೆಂದು ತೋರುತ್ತದೆ.

ಇನ್ನೊಂದು ಸಂದೇಹ: ಆತಂಕಕ್ಕೆ ‘ಅಡ್ಡಿ’ ಎಂಬ ಹಳೆಯ ಅರ್ಥವೂ ಇದೆಯಷ್ಟೆ. ‘ಕೆಲಸಕ್ಕೆ ಆತಂಕ ಬಂತು’ ಎಂಬ ಮಾತು ಈಗಲೂ ಯಾವ ಸೀಮೆಗಳಲ್ಲಿ ಬಳಕೆಯಲ್ಲಿದೆ? ಅಲ್ಲಿನ ಓದುಗರಿಗೆ ‘ಅಯಾನು ತೂಬು ಮತ್ತು ಆತಂಕ’ ಎಂಬ ಶೀರ್ಷಿಕೆಯು ತೂಬು ಕಟ್ಟಿಕೊಂಡಿದೆ ಎಂಬರ್ಥ ಕೊಟ್ಟೀತೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.