ಅಪ್‌ಡೇಟ್: ‘ಟೂ-ಇಯರ್ ಕೋರ್ಸ್’ ಗೊಂದಲ ಬಗೆಹರಿಯಿತು

ನರ್ಸ್ ಕೆಲಸದ ಇಂಗ್ಲಿಷ್ ಅರ್ಜಿಯಲ್ಲಿ ‘ಎ ಟೂ-ಇಯರ್ಸ್ ಕೋರ್ಸ್’ ಅಂತ ಬರೆದಿದ್ದೆ. ಅದು ಸರಿಯಾ ಎಂದು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಧನ್ಯವಾದ.

ಈಗ ಅರ್ಥವಾಯಿತು. ನಾಮಪದಕ್ಕಿಂತ ಮೊದಲು ಬಂದರೆ ‘ಎ ಟೂ-ಇಯರ್ ಕೋರ್ಸ್’. ಬಹುವಚನದ ‘ಎಸ್’ ಇಲ್ಲ, ಹೈಫನ್ (-) ಬೇಕು. ‘ದ ಕೋರ್ಸ್ ಈಸ್ ಟೂ ಇಯರ್ಸ್ ಲಾಂಗ್’ ಎಂದಾಗ ‘ಎಸ್’ ಬರುತ್ತದೆ, ಹೈಫನ್ ಹೋಗುತ್ತದೆ. ನಾವೂ ‘ಹತ್ತು ರೂಪಾಯಿ ನೋಟು’ ಅಂತೀವಿ, ‘ಹತ್ತು ರೂಪಾಯಿಗಳು ನೋಟು’ ಅನ್ನಲ್ಲ ಅಲ್ವಾ? ಈ ಹೋಲಿಕೆ ಹೊಳೆದ ಮೇಲೆ ನಿಯಮ ಮರೆಯುವುದೇ ಇಲ್ಲ.

ಹೈಫನ್ ಸುಮ್ನೆ ಅಲಂಕಾರಕ್ಕೆ ಅಂದುಕೊಂಡಿದ್ದೆ. ಅಲ್ಲ. ‘ಟ್ವೆಂಟಿ ಫೋರ್-ಅವರ್ ಶಿಫ್ಟ್ಸ್’ ಅಂದರೆ ನಾಲ್ಕು ಗಂಟೆಯ 20 ಶಿಫ್ಟ್‌ಗಳು. ‘ಟ್ವೆಂಟಿ-ಫೋರ್-ಅವರ್ ಶಿಫ್ಟ್ಸ್’ ಅಂದರೆ ಒಂದೊಂದೂ 24 ಗಂಟೆಯದು! ನಮ್ಮ ಕೆಲಸದಲ್ಲಿ ಇದು ದೊಡ್ಡ ವ್ಯತ್ಯಾಸ.

ಇನ್ನೊಂದು ವಿಷಯವೂ ತಿಳಿಯಿತು. ‘ವೆಲ್-ಟ್ರೇನ್ಡ್ ನರ್ಸ್’ಗೆ ಹೈಫನ್ ಉಂಟು. ‘ಹೈಲಿ ಟ್ರೇನ್ಡ್ ನರ್ಸ್’ಗೆ ಬೇಡ, ಏಕೆಂದರೆ ‘ಹೈಲಿ’ಯಂಥ, ‘ಲಿ’ಯಿಂದ ಕೊನೆಯಾಗುವ ಕ್ರಿಯಾವಿಶೇಷಣ ಮುಂದಿನ ಪದಕ್ಕೇ ಸೇರುತ್ತದೆ ಎಂದು ತಾನೇ ತಿಳಿಯುತ್ತದೆ.

ಅರ್ಜಿ ತಿದ್ದಿ ನಿನ್ನೆ ಕಳಿಸಿದೆ.