ಸುರುಸುರು ಬತ್ತಿಯಲ್ಲಿ ಬರೆದ 'ಅ' ಫೋಟೋದಲ್ಲಿ ಮೂಡುತ್ತಿಲ್ಲ

ಪುಟ್ಟಿಯ ಅಮ್ಮ, ಮೈಸೂರು:
ದೀಪಾವಳಿಯ ಸುರುಸುರು ಬತ್ತಿ ಒಂದಿಷ್ಟು ಉಳಿದಿದೆ. ಮಗಳು ಈ ವರ್ಷ ಅಕ್ಷರ ಕಲಿಯುತ್ತಿದ್ದಾಳೆ. ತಾರಸಿ ಮೇಲೆ ಕತ್ತಲಲ್ಲಿ ಅವಳ ಕೈಯಲ್ಲಿ 'ಅ' ಬರೆಸಿ ಫೋಟೋ ತೆಗೆಯಬೇಕು ಅಂತ ನನಗೆ ತುಂಬಾ ಆಸೆ. ಟ್ರೈಪಾಡ್ ಇದೆ. ಶಟರ್ 30 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/4, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 800 ಇಟ್ಟೆ. ಬೀದಿದೀಪದ ಬೆಳಕಿಗೆ ಗೋಡೆಯೆಲ್ಲ ಬೆಳ್ಳಗಾಯಿತು. ಅಕ್ಷರದ ಜಾಗದಲ್ಲಿ ಬರೀ ಬಿಳಿ ಮುದ್ದೆ. ಏನು ಬದಲಾಯಿಸಲಿ?

ರಾತ್ರಿ ಕ್ಯಾಮೆರಾ:
ಅಕ್ಕ, ಎಫ್/11, ಐಎಸ್‌ಒ 100 ಇಡಿ. ಅಪರ್ಚರ್‌ನಲ್ಲಿ ಮೂರು ಸ್ಟಾಪ್, ಐಎಸ್‌ಒದಲ್ಲಿ ಮೂರು; ಒಂದೊಂದು ಸ್ಟಾಪ್ ಇಳಿಸಿದಾಗಲೂ ಹೊಳಪು ಅರ್ಧವಾಗುತ್ತದೆ. ಒಟ್ಟು 64 ಪಟ್ಟು ಕಡಿಮೆಯಾಯಿತು. ಗೋಡೆ ಸುಮ್ನೆ ನಿಂತಿರುತ್ತದೆ, ಶಟರ್ ತೆರೆದಷ್ಟು ಹೊತ್ತೂ ಬೆಳ್ಳಗಾಗುತ್ತಲೇ ಹೋಗುತ್ತದೆ. ಬತ್ತಿ ಓಡುತ್ತಿರುತ್ತದೆ, ಒಂದು ಜಾಗದಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಹಾಗಾಗಿ ಗೆರೆಯ ಹೊಳಪು ಅಪರ್ಚರ್, ಐಎಸ್‌ಒ ಮತ್ತು ಕೈಯ ವೇಗದ ಮೇಲೆ ನಿಂತಿದೆ. ಶಟರ್ ಸಮಯ ಗೋಡೆಗೆ ಮಾತ್ರ ಲೆಕ್ಕ. 'ಅ' ಬರೆಯಲು ಏಳೆಂಟು ಸೆಕೆಂಡ್ ಸಾಕಲ್ವಾ? ಶಟರ್ ಅಷ್ಟೇ ಇಡಿ. ಮೊದಲು ಮಗು ಮೇಲೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ, ಆಮೇಲೆ ಫೋಕಸ್ ಬದಲಾಗದಂತೆ ಮ್ಯಾನುಯಲ್‌ಗೆ ಹಾಕಿ. ಇಲ್ಲದಿದ್ದರೆ ಕತ್ತಲಲ್ಲಿ ಲೆನ್ಸ್ ಹುಡುಕುತ್ತಲೇ ಇರುತ್ತದೆ.

ಪುಟ್ಟಿಯ ಅಮ್ಮ:
ಬಂತು! ಆದರೆ 'ಅ' ಉಲ್ಟಾ. ಅವಳ ಮುಖವೂ ಕಾಣುತ್ತಿಲ್ಲ.

ರಾತ್ರಿ ಕ್ಯಾಮೆರಾ:
ಅವಳು ನಿಮ್ಮ ಕಡೆ ತಿರುಗಿ ಬರೆದದ್ದಕ್ಕೆ ಹಾಗಾಯಿತು. ದಯವಿಟ್ಟು ಅವಳಿಗೆ ಉಲ್ಟಾ ಬರೆಯಲು ಹೇಳಿಕೊಡಬೇಡಿ, ಕಲಿಯುವ ಕೈ ಅದು. ಫೋನಲ್ಲೇ ಫೋಟೋವನ್ನು ಎಡಬಲ ಫ್ಲಿಪ್ ಮಾಡಿ. ಅಂಗಿ ಮೇಲೆ ಅಕ್ಷರ ಇದ್ದರೆ ಅದೂ ತಿರುಗುತ್ತದೆ, ನೋಡಿಕೊಳ್ಳಿ.

ಮುಖಕ್ಕೆ ಫ್ಲಾಶ್ ಬೇಕು. 1949ರಲ್ಲಿ ಛಾಯಾಗ್ರಾಹಕ ಜಾನ್ ಮಿಲಿ ಫ್ರಾನ್ಸಿನಲ್ಲಿ ಚಿತ್ರಕಾರ ಪಿಕಾಸೊ ಕೈಗೆ ಸಣ್ಣ ಬಲ್ಬ್ ಕೊಟ್ಟು ಗಾಳಿಯಲ್ಲಿ ಚಿತ್ರ ಬರೆಸಿದರು. ಬಲ್ಬಿನ ಗೆರೆ ತೆರೆದ ಶಟರ್‌ನಲ್ಲಿ ಸಿಕ್ಕಿತು, ಪಿಕಾಸೊ ಫ್ಲಾಶಿನಲ್ಲಿ ಸಿಕ್ಕರು. ಆ ಫೋಟೋಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ, ಇನ್ನೂ ಸಾಕಾಗಿಲ್ಲ. ನಿಮ್ಮ ಕ್ಯಾಮೆರಾದಲ್ಲಿ 'ರಿಯರ್ ಕರ್ಟನ್' ಇದ್ದರೆ ಆರಿಸಿ, ಶಟರ್ ಮುಚ್ಚುವ ಮುಂಚೆ ಫ್ಲಾಶ್ ಹೊಡೆಯುತ್ತದೆ. ಬರೆದು ಮುಗಿಸಿ ಅಲ್ಲಾಡದೆ ನಿಲ್ಲಲು ಹೇಳಿ.

ಹಾಸನದ ಅಜ್ಜ:
ಅಷ್ಟು ಚಿಕ್ಕ ಮಗುವಿಗೆ ಬತ್ತಿಗಿಂತ ಪುಟ್ಟ ಟಾರ್ಚ್ ವಾಸಿ ಕಣಮ್ಮ. ಮೂತಿಗೆ ಬಣ್ಣದ ಜಿಲೇಟಿನ್ ಪೇಪರ್ ಕಟ್ಟಿ. ಬೆಳಕು ಕ್ಯಾಮೆರಾ ಕಡೆಗೇ ಇರಲಿ. ಗೆರೆ ಬಿಟ್ಟು ಬರೆಯುವಾಗ ಅಂಗೈಯಿಂದ ಮುಚ್ಚಿದರೆ ಸಾಕು. ಬತ್ತಿಯೇ ಬೇಕು ಅಂದರೆ ಹತ್ತಿ ಬಟ್ಟೆ ಹಾಕಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಡಿ. ಆರಿದ ಮೇಲೂ ಕಂಬಿ ಸುಡುತ್ತದೆ, ಸೀದಾ ನೀರಿಗೆ ಹಾಕಿ.