ನಮ್ಮ ಬೆಟ್ಟದ ಕೆರೆ ಮಂಡ್ಯದಲ್ಲಿದೆ

"ಬೆಟ್ಟ ಅಂದ ಮೇಲೆ ತುದಿಯಲ್ಲೊಂದು ಕೆರೆ ಇರಬೇಕು" ಅಂತ ಬೆಂಗಳೂರು ಭಾವ ಹಟ ಹಿಡಿದರು. ಭಾವ ಅಂದರೆ ನಮ್ಮ ಮೇಷ್ಟ್ರ ಭಾವ. ಮಡಿಕೇರಿಗೆ ಬಂದರೆ ಊರಿಗೆಲ್ಲ ಭಾವ. ಅವರ ಮೊಬೈಲಿನಲ್ಲಿ ಯಾವುದೋ ವಿಡಿಯೋ. ಇಬ್ಬರು ಗೆಳೆಯರು ಕಡಿದಾದ ಬಂಡೆಯನ್ನು ಕೈಕಾಲು ಎರಡೂ ಹಚ್ಚಿ ಹತ್ತುತ್ತಾರೆ. ಮೇಲೆ ನೀಲಿ ಕೆರೆ. ಹಿಂದೆ ಕೊಳಲು. ಅಂಥದ್ದೇ ಒಂದು ಕೊಡಗಿನಲ್ಲೂ ಬೇಕಂತೆ.

"ಹೊನ್ನಮ್ಮನ ಕೆರೆಗೆ ಹೋಗೋಣ" ಅಂದ ಜೀಪಣ್ಣ. "ಸೋಮವಾರಪೇಟೆ ಹತ್ತಿರ, ದೊಡ್ಡಮಳ್ತೆ. ಸುತ್ತ ಬೆಟ್ಟ ಇದೆ, ಜೀಪೂ ಹೋಗುತ್ತೆ."

"ಜೀಪು ಹೋಗುವ ಕೆರೆ ಬೇಡ ಮಾರಾಯ. ಕಷ್ಟಪಟ್ಟು ಸಿಗಬೇಕು."

"ಕಷ್ಟ ಬೇಕಾ? ಗೌರಿ ಹಬ್ಬದ ದಿನ ಬನ್ನಿ. ಬಾಗಿನ ಬಿಡೋಕೆ ಬಂದ ಜನರ ಮಧ್ಯೆ ಗಾಡಿ ನಿಲ್ಲಿಸೋಕೆ ಜಾಗ ಹುಡುಕಿ."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರು ಲೋಟ ಇಟ್ಟರೆ ಪಾಠ ಶುರು ಅಂತ ಅರ್ಥ.

"ನೋಡಿ ಭಾವ, ಹಿಮಾಲಯದಲ್ಲಿ, ಆಲ್ಪ್ಸ್‌ನಲ್ಲಿ ಅಷ್ಟು ಎತ್ತರದಲ್ಲಿ ಕೆರೆಗಳನ್ನು ತೋಡಿದ್ದು ಹೆಚ್ಚಾಗಿ ಹಿಮನದಿಗಳು. ಮಂಜುಗಡ್ಡೆ ಸಾವಿರಾರು ವರ್ಷ ಜಾರಿ ಜಾರಿ ಬಂಡೆಯನ್ನೇ ಸವೆಸಿ ಗುಂಡಿ ಮಾಡುತ್ತೆ. ಹೊತ್ತು ತಂದ ಕಲ್ಲುಮಣ್ಣನ್ನು ಅಂಚಿಗೆ ಒಡ್ಡು ಹಾಕುತ್ತೆ. ಆಮೇಲೆ ಅದು ಕರಗಿ ಹೋದರೂ ಗುಂಡಿ ಉಳಿಯುತ್ತೆ, ನೀರು ನಿಲ್ಲುತ್ತೆ. ನಮ್ಮ ಕೊಡಗಿನ ಹಳೇ ಬಂಡೆಗೆ 300 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಆದರೆ ಕಳೆದ ಹಿಮಯುಗದಲ್ಲೂ ಇಲ್ಲಿ ಹಿಮನದಿ ಹರಿದಿಲ್ಲ."

"ಮಡಿಕೇರಿಯಲ್ಲಿ ಮಂಜು ಇದೆಯಲ್ಲ?" ಜೀಪಣ್ಣ ಕೇಳಿದ.

"ಆ ಮಂಜು ಕಲ್ಲು ಕೊರೆಯುವ ಹಾಗಿದ್ದರೆ ಊರೆಲ್ಲ ಗುಂಡಿ ಬೀಳಬೇಕಿತ್ತು."

"ರಸ್ತೆ ನೋಡಿದರೆ ಬಿದ್ದಿದೆ ಮೇಷ್ಟ್ರೇ."

ಭಾವ ಬಿಡಲಿಲ್ಲ. "ಇಷ್ಟು ಮಳೆ ಸುರಿಯುತ್ತೆ. ಆ ನೀರೆಲ್ಲ ಎಲ್ಲಿ ಹೋಗುತ್ತೆ?"

ಈ ಪ್ರಶ್ನೆಯನ್ನು ಕೊಡಗಿನವರ ಹತ್ತಿರ ಕೇಳಬಾರದು. ಮೂರು ಜನ ಒಟ್ಟಿಗೆ ಬಾಯಿ ತೆರೆದೆವು. ಗುಡ್ಡದ ಹುಲ್ಲು ಕುಡಿಯುತ್ತೆ, ಕಣಿವೆಯ ಶೋಲಾ ಕಾಡು ಕುಡಿಯುತ್ತೆ, ಉಳಿದದ್ದು ಬಂಡೆಯ ಮೇಲೆ ಜಾರಿ ಓಡುತ್ತೆ. ಕುಡಿದದ್ದೂ ಮೆಲ್ಲಗೆ ಊಟೆಯಾಗಿ ಹೊರಗೆ ಬರುತ್ತೆ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಎಲ್ಲ ಸೇರಿ ಕೆಆರ್‌ಎಸ್‌ಗೆ ಹೋಗುತ್ತೆ. ಬರಪೊಳೆಯಂಥವು ಕೇರಳಕ್ಕೆ.

"ಅಂದರೆ ನಿಮ್ಮ ಬೆಟ್ಟದ ಕೆರೆ ಇರೋದು ಮಂಡ್ಯದಲ್ಲಿ!"

"ಹೌದು. ಹತ್ತಬೇಕಾಗಿಲ್ಲ, ಬಸ್ಸಿದೆ" ಅಂದ ಜೀಪಣ್ಣ.

ಭಾವ ಮೊಬೈಲ್ ಕೆದಕಿ ವಯನಾಡಿನ ಚೆಂಬ್ರ ತೆಗೆದರು. ಸುಮಾರು 2100 ಮೀಟರ್ ಬೆಟ್ಟ, ದಾರಿಯ ನಡುವೆ ಹೃದಯದ ಆಕಾರದ ಕೆರೆ. ಹಿಮನದಿ ಇಲ್ಲದೆ ಇದು ಹೇಗೆ ಬಂತು ಅಂತ ಮೇಷ್ಟ್ರನ್ನು ಹಿಡಿದರು. ಹುಲ್ಲುಗಾವಲಿನ ತಗ್ಗಿನಲ್ಲಿ ನಿಂತ ನೀರು ಅಂತ ಮೇಷ್ಟ್ರು ಒಂದೇ ಮಾತಲ್ಲಿ ಮುಗಿಸಿದರು. ಪಾಠಕ್ಕೆ ಒಗ್ಗದ ಉದಾಹರಣೆ ಅಂದರೆ ಅವರಿಗೆ ಅಷ್ಟಕ್ಕಷ್ಟೆ.

"ಜನ ಕೆರೆ ನೋಡೋಕೆ ಎಲ್ಲೆಲ್ಲಿಂದ ಬರ್ತಾರೆ ಗೊತ್ತಾ?" ಅಂತ ಅವರೇ ಮಾತು ತಿರುಗಿಸಿದರು. "ಉತ್ತರಾಖಂಡದ ರೂಪಕುಂಡ, 5000 ಮೀಟರ್ ಹತ್ತಿರ. ಅಲ್ಲಿ ನೂರಾರು ಜನರ ಮೂಳೆ ಬಿದ್ದಿದೆ. 2019ರಲ್ಲಿ 38 ಜನರ ಡಿಎನ್‌ಎ ನೋಡಿದರು. ಅದರಲ್ಲಿ 14 ಜನ ಗ್ರೀಸ್ ಕಡೆಯವರು. ಯಾಕೆ ಬಂದರೋ ದೇವರಿಗೇ ಗೊತ್ತು."

"ಅಷ್ಟು ದೂರದಿಂದ ಅವರು ಬಂದಿದ್ದಾರೆ. ನೀವು ಇಲ್ಲೇ ಇರುವ ನಮ್ಮ ಕೋಟೆ ಬೆಟ್ಟಕ್ಕೆ ಬರೋದಿಲ್ವಾ?" ಅಂದ ಜೀಪಣ್ಣ.

"ಅವರು ವಾಪಸ್ ಹೋಗಿಲ್ಲವಲ್ಲ!"

ಹೀಗೆ ಕೋಟೆ ಬೆಟ್ಟ ಎದ್ದಿತು. ಹಟ್ಟಿಹೊಳೆ ಕಡೆಯಿಂದ ಹೋಗಬಹುದು. 1600 ಮೀಟರಿಗೂ ಜಾಸ್ತಿ, ಮೇಲೆ ಈಶ್ವರನ ಗುಡಿ, ಬಂಡೆಯ ನಡುವೆ ಸಣ್ಣದೊಂದು ನೀರಿನ ಹೊಂಡ. ಹೊಂಡ ಅಂದ ಕೂಡಲೇ ಭಾವನ ಮುಖ ಅರಳಿತು. ಕೆರೆಯ ತಮ್ಮ ಅಂತ ಒಪ್ಪಿಕೊಂಡರು.

"ಬಂಡೆ ಕಡಿದಾಗಿದೆಯಾ?"

ಅದಕ್ಕೆ ನಾನು ಪುಷ್ಪಗಿರಿ ಕಥೆ ತೆಗೆದೆ. ಅದು 1712 ಮೀಟರ್. ಕುಕ್ಕೆಯ ಬುಡದಿಂದ ಹತ್ತುವವರು ನಮ್ಮ ಎರಡು ಪಟ್ಟು ಏರುತ್ತಾರೆ. ನಾವು ಬೀದಳ್ಳಿ ಕಡೆಯಿಂದ ಹೋಗಿ ಅವರಿಗಿಂತ ಜಾಸ್ತಿ ಕೊಚ್ಚಿಕೊಳ್ಳುತ್ತೇವೆ. ಆದರೆ ಬಂಡೆಯೇನೂ ರಿಯಾಯಿತಿ ಕೊಡೋದಿಲ್ಲ. ಅವತ್ತು ಜೀಪಣ್ಣ ಮುಂದೆ, ನಾನು ಹಿಂದೆ. ಕಾಣುತ್ತಿದ್ದದ್ದು ಅವನ ಬೂಟಿನ ಅಡಿ ಮಾತ್ರ.

"ಕರೀ ಪಟ್ಟೆ ಮೇಲೆ ಕಾಲಿಡಬೇಡ" ಅಂತ ಮೇಲಿನಿಂದ ಕೂಗಿದ. ನೀರು ಹರಿದ ಜಾಗದಲ್ಲಿ ಪಾಚಿ ಕಟ್ಟಿ ಬಂಡೆ ಕಪ್ಪಾಗಿರುತ್ತೆ. ಅದು ಎಣ್ಣೆ ಹಚ್ಚಿದ ಕಾವಲಿ. ಒಣಗಿ ಒರಟಾದ ಕಲ್ಲು ಮಾತ್ರ ಬೂಟನ್ನು ಹಿಡಿಯುತ್ತೆ. ಎರಡು ಕೈ, ಎರಡು ಕಾಲಿನಲ್ಲಿ ಒಂದನ್ನು ಎತ್ತುವಾಗ ಉಳಿದ ಮೂರೂ ಕಲ್ಲಿನ ಮೇಲಿರಬೇಕು. ಹುಲ್ಲಿನ ಬುಡ ಹಿಡಿದು ತೂಗಬಾರದು, ಅದು ಬೇರು ಸಮೇತ ನಿಮ್ಮ ಜೊತೆಗೇ ಬರುತ್ತೆ. ಮೇಲಿನವನ ನೇರ ಕೆಳಗೆ ನಿಲ್ಲಬಾರದು. ಅವನ ಕಾಲು ಉದುರಿಸಿದ ಕಲ್ಲಿಗೆ ಗೆಳೆತನ ಗೊತ್ತಿಲ್ಲ. ಇಳಿಯುವಾಗ ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಇಳಿಯಬೇಕು. ಹತ್ತೋದು ಧೈರ್ಯದ ಕೆಲಸ, ಇಳಿಯೋದು ಮಂಡಿಯ ಕೆಲಸ.

ಇಷ್ಟೆಲ್ಲ ಕಲಿಸಿದ ಜೀಪಣ್ಣ ಬಂಡೆಯ ಮಧ್ಯೆ ಏನು ಮಾಡಿದ ಗೊತ್ತಾ? ಹಲ್ಲಿ ಥರ ಅಂಟಿಕೊಂಡೇ ನನ್ನ ಹತ್ತಿರ ಕರಿಮೆಣಸಿನ ರೇಟು ಕೇಳಿದ. ಆಮೇಲೆ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಬಂತು. ಊರಲ್ಲಿ ಸಿಗದ ನೆಟ್‌ವರ್ಕ್ ಅಲ್ಲಿ ನಾಲ್ಕೂ ಕಡ್ಡಿ. ಅವನ ಜೇಬು ಹಾಡಿತು. ಒಂದು ಕೈ ಬಿಟ್ಟು ತೆಗೆದ. (ಮೂರರ ಲೆಕ್ಕ ಸರಿಯಾಗಿಯೇ ಇತ್ತು, ಒಪ್ಪಬೇಕು.)

"ತೋಟಕ್ಕೆ ಆನೆ ಬಂದಿದೆಯಂತೆ" ಅಂತ ನನಗೆ ವರದಿ ಮಾಡಿದ.

"ಏನು ಹೇಳಿದೆ?"

"ಬಾಳೆ ತಿಂದು ಹೋಗಲಿ, ಕಾಫಿ ಗಿಡ ತುಳಿಯಬೇಡ ಅನ್ನಿ ಅಂದೆ."

ಭಾವ ನಗಲಿಲ್ಲ. ಅವರಿಗೆ ಜಿಗಣೆಯ ಚಿಂತೆ ಹತ್ತಿತ್ತು. ಮಳೆಗಾಲದಲ್ಲಿ ಎಷ್ಟು ಇರುತ್ತೆ ಅಂತ ಕೇಳಿದರು. ಎಣಿಸೋಕೆ ನಿಂತರೆ ಇನ್ನೂ ಜಾಸ್ತಿ ಆಗುತ್ತೆ ಅಂದೆ. ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಳ್ಳಿ, ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ ಅಂತ ಮೇಷ್ಟ್ರು ಸಲಹೆ ಕೊಟ್ಟರು. ಇಷ್ಟರಲ್ಲಿ ಹೊರಗೆ ಮಳೆ ಜೋರಾಯಿತು. ಒದ್ದೆ ಬಂಡೆ ಹತ್ತುವ ಮಾತೇ ಇಲ್ಲ, ಹುತ್ತರಿ ಸುಗ್ಗಿ ಹಬ್ಬ ಕಳೆಯಲಿ ಅಂತ ತೀರ್ಮಾನವಾಯಿತು.

"ಹೊಂಡದಲ್ಲಿ ಈಜಬಹುದಾ?" ಭಾವ ಮೆಲ್ಲಗೆ ಕೇಳಿದರು.

"ಪಕ್ಕದಲ್ಲೇ ಈಶ್ವರ ಇದ್ದಾನೆ. ಈಜಾಟ ಎಲ್ಲಿಯದು?" ಅಂದರು ಮೇಷ್ಟ್ರು.

ಭಾವ ಸುಮ್ಮನಾದರು. ಆಗ ಒಳಗಿನಿಂದ ಅಕ್ಕನ ದನಿ ಬಂತು. "ಹಾಗಾದ್ರೆ ಆ ಈಜೋ ಚಡ್ಡಿ ವಾಪಸ್ ಕಳಿಸ್ರೀ. ಲೇಬಲ್ ಇನ್ನೂ ಕಿತ್ತಿಲ್ಲ ತಾನೇ?"